ಕೈ ಕಲಿಯುವ ವಿದ್ಯೆ

ಕೋಲಾರದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ಗಣಿಯು ಅತ್ಯಂತ ಆಳವಾದುದು. ನೆಲದ ಮೇಲ್ಮೈಯಿಂದ ಅದು 3,200 ಮೀಟರುಗಳಿಗಿಂತಲೂ ಕೆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಮೇಲೆ ಬೀಳುವ ಒತ್ತಡ ಅಪಾರವಾದುದು. ಒಮ್ಮೊಮ್ಮೆ ಬಂಡೆ ತಾನಾಗಿಯೇ ಸಿಡಿದು ಕೆಲಸಗಾರರ ಮೇಲೆ ಬೀಳುತ್ತಿತ್ತು. ಗಣಿಯ ಮೇಲೆ ದೊಡ್ಡ ಆಸ್ಪತ್ರೆಯಿತ್ತು. ಅಲ್ಲಿ ನುರಿತ ವೈದ್ಯರೂ ಇದ್ದರು. ಆದರೆ ರಕ್ತ ಸುರಿಯುತ್ತ ಬಿದ್ದವನಿಗೂ ಆ ವೈದ್ಯರಿಗೂ ನಡುವೆ ಸುರಂಗಗಳ ಉದ್ದ ಮತ್ತು ಗಣಿಯ ಆಳ ಎರಡೂ ಅಡ್ಡ ನಿಂತಿದ್ದವು. ಗಾಯಗೊಂಡವನನ್ನು ಮೊದಲು ಮುಟ್ಟುತ್ತಿದ್ದುದು ಅವನ ಮಗ್ಗುಲಲ್ಲಿ ಕೆಲಸ ಮಾಡುತ್ತಿದ್ದ ಸಂಗಾತಿಯ ಕೈ. ಆ ಕೈಗೆ ಪಟ್ಟಿ ಕಟ್ಟುವುದು, ರಕ್ತವನ್ನು ಒತ್ತಿ ಹಿಡಿಯುವುದು, ಮುರಿದ ಕಾಲನ್ನು ಅಲುಗದಂತೆ ಬಿಗಿಯುವುದು ತಿಳಿದಿದ್ದರೆ ಅವನು ಮೇಲಕ್ಕೆ ಬರುವವರೆಗೆ ಉಳಿದಿರುವ ಸಂಭವವಿತ್ತು. 1952ರ ಗಣಿ ಕಾಯಿದೆಯು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಒದಗಿಸಿದರೆ ಸಾಲದು, ಅದು ಪ್ರಥಮ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಹೊಣೆಗಾರನ ವಶದಲ್ಲಿರಬೇಕೆಂದು ವಿಧಿಸಿದುದರ ಅರ್ಥ ಇದೇ. ಪೆಟ್ಟಿಗೆಯೊಳಗಿನ ಬಟ್ಟೆ ತಾನಾಗಿ ಎದ್ದು ಗಾಯವನ್ನು ಕಟ್ಟುವುದಿಲ್ಲ.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಈಗ ಅಲ್ಲಿ ಉಳಿದಿರುವುದು ಸೈನೈಡ್ ಮಣ್ಣಿನ ದಿಬ್ಬಗಳು. ಆದರೆ ಗಣಿಯಲ್ಲಿದ್ದ ಪ್ರಶ್ನೆ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಇದೆ: ಆಪತ್ತು ಬಂದ ಗಳಿಗೆಯಲ್ಲಿ ಹತ್ತಿರದಲ್ಲಿರುವ ಕೈ ಯಾರದು? ಅದಕ್ಕೆ ಏನು ತಿಳಿದಿದೆ?

ಕೆ.ಜಿ.ಎಫ್. ತಾಲ್ಲೂಕಿನ ಕ್ಯಾಸಂಬಳ್ಳಿಯನ್ನೇ ನೆನೆಯೋಣ. ಸ್ವತಂತ್ರ ಭಾರತದಲ್ಲಿ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಗಳಾಗಿದ್ದ ಕೆ. ಸಿ. ರೆಡ್ಡಿಯವರ ಹುಟ್ಟೂರು ಅದು. ಅವರ ಹೆಸರಿನ ಮೊದಲ ಅಕ್ಷರವೇ ಈ ಊರಿನದು. ಇಂತಹ ಹೋಬಳಿ ಊರುಗಳಲ್ಲಿ ನಡುರಾತ್ರಿ ಹೆರಿಗೆಯಾಗುತ್ತದೆಯೆಂದು ಭಾವಿಸಿರಿ. ಆರೋಗ್ಯ ಕೇಂದ್ರದಲ್ಲಿ ಆ ಹೊತ್ತಿಗೆ ಇರುವವಳು ಒಬ್ಬಳೇ ಶುಶ್ರೂಷಕಿ. ಮಗು ಹುಟ್ಟಿತು, ಆದರೆ ಅಳಲಿಲ್ಲ. ಹುಟ್ಟುವ ನೂರು ಶಿಶುಗಳಲ್ಲಿ ಸುಮಾರು ಹತ್ತಕ್ಕೆ ಉಸಿರಾಟವನ್ನು ಆರಂಭಿಸಲು ಏನಾದರೊಂದು ನೆರವು ಬೇಕಾಗುತ್ತದೆ. ಅವುಗಳಲ್ಲಿ ಹೆಚ್ಚಿನವು ಮೈಯನ್ನು ಚೆನ್ನಾಗಿ ಒರೆಸಿ ಬೆನ್ನನ್ನು ಉಜ್ಜಿದರೆ ಸಾಕು, ಅಳುತ್ತವೆ. ನೂರಕ್ಕೆ ಮೂರರಿಂದ ಆರು ಶಿಶುಗಳಿಗೆ ಮಾತ್ರ ಚೀಲ ಮತ್ತು ಮಾಸ್ಕಿನ ಮೂಲಕ ಗಾಳಿಯನ್ನು ಊದಬೇಕಾಗುತ್ತದೆ. ಈ ಕೆಲಸ ಹುಟ್ಟಿದ ಮೊದಲ ಒಂದು ನಿಮಿಷದೊಳಗೆ ಆರಂಭವಾಗಬೇಕು. ವೈದ್ಯರು ಅದನ್ನು ಸುವರ್ಣ ನಿಮಿಷವೆಂದು ಕರೆಯುತ್ತಾರೆ. ಕೋಲಾರದ ಜಿಲ್ಲಾ ಆಸ್ಪತ್ರೆಯಾಗಲಿ ತಮಕದ ವೈದ್ಯಕೀಯ ಕಾಲೇಜಾಗಲಿ ಎಷ್ಟೇ ಉತ್ತಮವಾಗಿದ್ದರೂ ಆ ಒಂದು ನಿಮಿಷದೊಳಗೆ ಅಲ್ಲಿಗೆ ತಲುಪುವ ವಾಹನವಿಲ್ಲ.

ಆ ಶುಶ್ರೂಷಕಿ ಏನು ಮಾಡಬೇಕೆಂಬುದನ್ನು ಕಾಗದದ ಮೇಲೆ ಬರೆದರೆ ಅರ್ಧ ಪುಟವಾಗುತ್ತದೆ. ಮಗುವನ್ನು ಒರೆಸಿ ಬೆಚ್ಚಗಿಡಬೇಕು. ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಬೇಕು. ಮಾಸ್ಕಿನ ಅಂಚು ಗಲ್ಲದ ತುದಿ, ಬಾಯಿ, ಮೂಗು ಇವನ್ನು ಮುಚ್ಚಬೇಕು, ಕಣ್ಣನ್ನು ಮುಟ್ಟಬಾರದು. ನಿಮಿಷಕ್ಕೆ ಸುಮಾರು 40 ಸಲ ಚೀಲವನ್ನು ಒತ್ತಬೇಕು. ಪ್ರತಿಯೊಂದು ಒತ್ತಿಗೂ ಎದೆ ಏರಬೇಕು. ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕಗಳನ್ನು ಗಳಿಸುವುದು ಕಷ್ಟವಲ್ಲ. ಕಷ್ಟವಿರುವುದು ಆ ಸಣ್ಣ ಪದಗಳಲ್ಲಿ. ‘ಸ್ವಲ್ಪ’ ಬಾಗಿಸುವುದೆಂದರೆ ಎಷ್ಟು? ಹೆಚ್ಚು ಬಾಗಿಸಿದರೆ ತೆರೆಯಬೇಕಾದ ಗಾಳಿದಾರಿಯೇ ಮುಚ್ಚಿಹೋಗುತ್ತದೆ. ಮಾಸ್ಕನ್ನು ಸಡಿಲವಾಗಿ ಹಿಡಿದರೆ ಗಾಳಿ ಕೆನ್ನೆಯ ಪಕ್ಕದಿಂದ ಸೋರಿಹೋಗುತ್ತದೆ. ಬಿಗಿಯಾಗಿ ಅದುಮಿದರೆ ಗಲ್ಲ ಒಳಗೆ ಸರಿದು ದಾರಿ ಅಡಚುತ್ತದೆ. ಒದ್ದೆಯಾದ, ಜಾರುವ, ಬಣ್ಣಗೆಟ್ಟ ಪುಟ್ಟ ಶರೀರ ಮುಂದಿದೆ, ತಾಯಿ ಮಗುವೇಕೆ ಅಳುತ್ತಿಲ್ಲವೆಂದು ಕೇಳುತ್ತಿದ್ದಾಳೆ, ಗಡಿಯಾರ ಓಡುತ್ತಿದೆ. ಆ ಹೊತ್ತಿನಲ್ಲಿ ಪುಸ್ತಕದ ಪುಟವನ್ನು ಮನಸ್ಸಿನಲ್ಲಿ ತಿರುವಿ ನೋಡುವುದಕ್ಕೆ ಬಿಡುವಿಲ್ಲ. ಬೆರಳುಗಳಿಗೇ ತಿಳಿದಿರಬೇಕು.

ಹಿಂದಿನ ಸೂಲಗಿತ್ತಿಯರಿಗೆ ಈ ತಿಳಿವಳಿಕೆ ಹೇಗೆ ಬರುತ್ತಿತ್ತು? ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಶಾಲೆಗೆ ಹೋದವರಲ್ಲ. ತಮ್ಮ ಅಜ್ಜಿಯ ಜೊತೆಯಲ್ಲಿ ಹೋಗಿ, ನೋಡಿ, ಅಜ್ಜಿಯ ಕೈಗೆ ಕೈ ಜೋಡಿಸಿ ಕಲಿತವರು. ಅವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಹೇಳುತ್ತಾರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆ ಕಾಲದ ಮನೆಹೆರಿಗೆಯೇ ಚೆನ್ನಾಗಿತ್ತೆಂದು ಹಾಡಿ ಹೊಗಳುವವರೂ ಉಂಟು. ಅದು ಸರಿಯಲ್ಲ, ಆ ದಿನಗಳಲ್ಲಿ ಬಾಣಂತಿಯರೂ ಹಸುಗೂಸುಗಳೂ ಎಷ್ಟು ಸಾಯುತ್ತಿದ್ದರೆಂಬುದನ್ನು ಅವರು ಮರೆತಿರುತ್ತಾರೆ. ಆದರೆ ನರಸಮ್ಮನವರಿಗೆ ಇದ್ದ ಒಂದು ಅನುಕೂಲ ಇಂದಿನ ಚಿಕ್ಕ ಆರೋಗ್ಯ ಕೇಂದ್ರದ ಶುಶ್ರೂಷಕಿಗೆ ಇಲ್ಲ. ಅದೆಂದರೆ ಮತ್ತೆ ಮತ್ತೆ ಅದೇ ಕೆಲಸವನ್ನು ಮಾಡುವ ಅವಕಾಶ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಕೇಂದ್ರದಲ್ಲಿ ತಿಂಗಳಿಗೆ 10 ಹೆರಿಗೆಗಳಾಗುತ್ತವೆಯೆಂದರೆ ವರ್ಷಕ್ಕೆ 120 ಆದವು. ನೂರಕ್ಕೆ ನಾಲ್ಕು ಶಿಶುಗಳಿಗೆ ಚೀಲ ಮತ್ತು ಮಾಸ್ಕು ಬೇಕೆಂದರೂ ವರ್ಷಕ್ಕೆ ಐದು. ಮೂವರು ಶುಶ್ರೂಷಕಿಯರು ಸರದಿಯ ಮೇಲೆ ಕೆಲಸ ಮಾಡಿದರೆ ಒಬ್ಬೊಬ್ಬಳ ಪಾಲಿಗೆ ಬರುವುದು ಒಂದೋ ಎರಡೋ. ವರ್ಷಕ್ಕೊಮ್ಮೆ ಸೈಕಲ್ ಹತ್ತುವವನು ಸವಾರಿಯನ್ನು ಸಂಪೂರ್ಣವಾಗಿ ಮರೆಯಲಾರ. ಆದರೆ ಅವನನ್ನು ಕತ್ತಲೆಯಲ್ಲಿ ಇಳಿಜಾರಿನಲ್ಲಿ ಬಿಟ್ಟರೆ ಏನಾದೀತೆಂಬುದನ್ನು ಊಹಿಸಬಹುದು. ಆ ಶುಶ್ರೂಷಕಿಯು ಅಂಜಿದರೆ ನಾವು ಅವಳನ್ನು ಹೇಡಿಯೆನ್ನಲಾಗದು. ಅವಳ ಅಂಜಿಕೆ ನ್ಯಾಯವಾದುದು. ಅವಳಿಗೆ ಅಭ್ಯಾಸವನ್ನು ಒದಗಿಸದೆ ಧೈರ್ಯವನ್ನು ಮಾತ್ರ ಉಪದೇಶಿಸುವವರದು ಅನ್ಯಾಯ.

ರೋಗಿಯ ಮೇಲೆ ಅಭ್ಯಾಸ ಮಾಡುವಂತಿಲ್ಲ; ಅಭ್ಯಾಸವಿಲ್ಲದೆ ರೋಗಿಯನ್ನು ಮುಟ್ಟುವಂತಿಲ್ಲ. ಈ ಇಕ್ಕಟ್ಟಿನಿಂದ ದಾರಿ ತೋರಿಸಿದವನು ವೈದ್ಯನಲ್ಲ, ನಾರ್ವೆ ದೇಶದ ಸ್ಟವಾಂಗರ್ ಪಟ್ಟಣದ ಒಬ್ಬ ಆಟಿಕೆ ತಯಾರಕ. ಅವನ ಹೆಸರು ಆಸ್ಮುಂಡ್ ಲೇರ್ಡಾಲ್. ಅವನು ಮೃದುವಾದ ಪ್ಲಾಸ್ಟಿಕ್ಕಿನಿಂದ ಮಕ್ಕಳ ಗೊಂಬೆಗಳನ್ನು ಮಾಡಿ ಮಾರುತ್ತಿದ್ದನು. ಅವನ ಎರಡು ವರ್ಷದ ಮಗ ನೀರಿನಲ್ಲಿ ಮುಳುಗಿ ಪ್ರಾಣಾಪಾಯಕ್ಕೆ ಸಿಕ್ಕಿದಾಗ ತಾನೇ ಎತ್ತಿ ಬದುಕಿಸಿಕೊಂಡ ಅನುಭವ ಅವನಿಗಿತ್ತು. ಬಾಯಿಯಿಂದ ಬಾಯಿಗೆ ಉಸಿರು ಊದುವ ಕ್ರಮವನ್ನು ಪೀಟರ್ ಸಫಾರ್ ಮೊದಲಾದ ವೈದ್ಯರು 1950ರ ದಶಕದ ಕೊನೆಯಲ್ಲಿ ಸ್ಥಿರಪಡಿಸಿದಾಗ, ಅದನ್ನು ಜನರಿಗೆ ಕಲಿಸುವುದಕ್ಕೆ ಒಂದು ಗೊಂಬೆ ಬೇಕಾಯಿತು. 1960ರಲ್ಲಿ ಲೇರ್ಡಾಲ್ ಆಳೆತ್ತರದ ಗೊಂಬೆಯನ್ನು ಸಿದ್ಧಪಡಿಸಿದನು. ತಲೆಯನ್ನು ಸರಿಯಾಗಿ ಬಾಗಿಸಿ ಊದಿದರೆ ಮಾತ್ರ ಅದರ ಎದೆ ಏರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಮುಳುಗಿ ಸತ್ತಳೆಂದು ಕಥೆಯಿರುವ ಹೆಸರರಿಯದ ಹುಡುಗಿಯೊಬ್ಬಳ ಮುಖದ ಅಚ್ಚನ್ನು ಅವನು ಆ ಗೊಂಬೆಗೆ ಇಟ್ಟನು. ಯಾರೂ ಉಳಿಸಲಾಗದ ಆ ಹುಡುಗಿಯ ಮುಖದ ಮೇಲೆ ಬಾಗಿ ಲೋಕದ ಅಸಂಖ್ಯಾತ ಜನರು ಉಸಿರು ಕೊಡುವುದನ್ನು ಕಲಿತರು.

ಅದೇ ಸಂಸ್ಥೆಯು ಮುಂದೆ ನವಜಾತ ಶಿಶುವಿನ ಗೊಂಬೆಯನ್ನೂ ಮಾಡಿತು. ಅದರೊಳಗೆ ಉಗುರುಬೆಚ್ಚಗಿನ ನೀರನ್ನು ತುಂಬಿದರೆ ತೂಕದಲ್ಲಿಯೂ ಮೈಯ ಜೋಲುವಿಕೆಯಲ್ಲಿಯೂ ಆಗ ತಾನೇ ಹುಟ್ಟಿದ ಮಗುವಿನಂತೆಯೇ ಇರುತ್ತದೆ. ಗುರುವಿಗೆ ದಾಕ್ಷಿಣ್ಯವಿರಬಹುದು, ಪರೀಕ್ಷಕನಿಗೆ ಕನಿಕರವಿರಬಹುದು. ಈ ಗೊಂಬೆಗೆ ಎರಡೂ ಇಲ್ಲ. ಮಾಸ್ಕು ಸೋರಿದರೆ ಎದೆ ಏರುವುದಿಲ್ಲ.

ಕರ್ನಾಟಕದಲ್ಲಿ ಈ ವಿದ್ಯೆಯ ಪರೀಕ್ಷೆ ನಡೆದುದು ಬೆಳಗಾವಿ ಸೀಮೆಯಲ್ಲಿ. ಅಲ್ಲಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಜಿಲ್ಲಾ ಮತ್ತು ನಗರದ ಆಸ್ಪತ್ರೆಗಳಲ್ಲಿಯೂ ಹೆರಿಗೆ ಮಾಡಿಸುವ 599 ಮಂದಿಗೆ ಗೊಂಬೆಯ ಮೇಲೆ ತರಬೇತಿ ಕೊಟ್ಟರು. ತರಬೇತಿಗೆ ಮೊದಲು ಮತ್ತು ಅನಂತರ ಹುಟ್ಟಿದ ಮಕ್ಕಳ ಲೆಕ್ಕವನ್ನು ಹೋಲಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸತ್ತು ಹುಟ್ಟಿದುವೆಂದು ದಾಖಲಾಗುತ್ತಿದ್ದ ಶಿಶುಗಳ ಪ್ರಮಾಣ ಶೇಕಡ 3.0ರಿಂದ 2.3ಕ್ಕೆ ಇಳಿದಿತ್ತು. ಅವುಗಳಲ್ಲಿ ಹೆರಿಗೆಗೆ ಸ್ವಲ್ಪ ಮುಂಚಿನವರೆಗೂ ಜೀವವಿದ್ದಂತೆ ಕಾಣುವ ಶಿಶುಗಳ ಪ್ರಮಾಣವಂತೂ 1.7ರಿಂದ 0.9ಕ್ಕೆ, ಎಂದರೆ ಹೆಚ್ಚುಕಡಮೆ ಅರ್ಧಕ್ಕೆ ಇಳಿದಿತ್ತು. ಇದರ ಅರ್ಥವನ್ನು ನಿಧಾನವಾಗಿ ಆಲೋಚಿಸಬೇಕು. ಹಿಂದೆ ಸತ್ತಿದೆಯೆಂದು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟ ಕೂಸುಗಳಲ್ಲಿ ಕೆಲವು ಸತ್ತಿರಲಿಲ್ಲ. ಉಸಿರನ್ನು ಆರಂಭಿಸಿಕೊಡುವ ಕೈಯೊಂದಕ್ಕೆ ಕಾದಿದ್ದವು. ಆದರೆ ನವಜಾತ ಶಿಶುಗಳ ಮರಣ ಪ್ರಮಾಣ ಇಳಿಯಲಿಲ್ಲ, ಅದು 1.8 ಇದ್ದುದು 1.9 ಆಯಿತು. ತಿಂಗಳು ತುಂಬದೆ ಹುಟ್ಟುವುದು, ನಂಜು ತಗಲುವುದು ಮುಂತಾದ ಬೇರೆ ಕಾರಣಗಳನ್ನು ಚೀಲ ಮತ್ತು ಮಾಸ್ಕು ನಿವಾರಿಸಲಾರವು. ಫಲಿಸಿದುದನ್ನೂ ಫಲಿಸದುದನ್ನೂ ಆ ವೈದ್ಯರು ಒಂದೇ ಲೇಖನದಲ್ಲಿ ಬರೆದರು. ವಿಜ್ಞಾನದಲ್ಲಿ ನಡತೆಯೆಂದರೆ ಇದು.

ಹಾಗಾದರೆ ಎಲ್ಲರಿಗೂ ಒಂದು ದಿನದ ತರಬೇತಿ ಕೊಟ್ಟು, ಪ್ರಮಾಣಪತ್ರ ಹಂಚಿ, ಛಾಯಾಚಿತ್ರ ತೆಗೆಸಿಕೊಂಡರೆ ಮುಗಿಯಿತೇ? ಆಫ್ರಿಕಾದ ಟಾಂಜಾನಿಯಾ ದೇಶದಲ್ಲಿ ಹೈಡೋಮ್ ಎಂಬ ಗ್ರಾಮೀಣ ಆಸ್ಪತ್ರೆಯಿದೆ. ಅಲ್ಲಿಯೂ ಇದೇ ಗೊಂಬೆಯಿಂದ ಒಂದು ದಿನದ ತರಬೇತಿ ನಡೆಯಿತು. ತಿಂಗಳುಗಳ ಅನಂತರ ಪರೀಕ್ಷಿಸಿದಾಗ ಗೊಂಬೆಯ ಮೇಲೆ ಹೆಚ್ಚಿನವರು ಚೆನ್ನಾಗಿ ಮಾಡಿ ತೋರಿಸಿದರು. ಆದರೆ ಹೆರಿಗೆಯ ಕೋಣೆಯಲ್ಲಿ ನಿಜವಾದ ಮಗುವಿನ ಮುಂದೆ ಅವರ ನಡವಳಿಕೆ ಬದಲಾಗಿರಲಿಲ್ಲ. ಕಲಿತುದು ಕಲಿತ ಕೋಣೆಯಲ್ಲಿಯೇ ಉಳಿದುಹೋಗಿತ್ತು. ಆಗ ಅವರು ಕ್ರಮವನ್ನು ಬದಲಾಯಿಸಿದರು. ಗೊಂಬೆಯನ್ನು ಹೆರಿಗೆಯ ಕೋಣೆಯ ಬಳಿಯೇ ಇಟ್ಟು ವಾರ ವಾರವೂ ಮೂರರಿಂದ ಐದು ನಿಮಿಷದ ಅಭ್ಯಾಸ ಮಾಡಿಸಿದರು. ತಿಂಗಳಿಗೊಮ್ಮೆ ಸ್ವಲ್ಪ ದೀರ್ಘವಾದ ಅಭ್ಯಾಸ ನಡೆಯಿತು. ಹುಟ್ಟಿದ 24 ಗಂಟೆಗಳೊಳಗೆ ಸಾಯುವ ಶಿಶುಗಳ ಸಂಖ್ಯೆ ಸಾವಿರಕ್ಕೆ 11.1 ಇದ್ದುದು 7.2ಕ್ಕೆ ಇಳಿಯಿತೆಂದು 2015ರಲ್ಲಿ ಅವರು ವರದಿ ಮಾಡಿದರು. ಔಷಧ ಹೊಸದಲ್ಲ, ಯಂತ್ರ ಹೊಸದಲ್ಲ, ಮನುಷ್ಯರೂ ಅವರೇ. ಬದಲಾದುದು ವಾರದ ಐದು ನಿಮಿಷ ಮಾತ್ರ.

ಈ ಮಾತನ್ನು ಓದುವಾಗ ನನಗೆ ಕೆಲವು ಶಾಲೆಗಳ ವಿಜ್ಞಾನದ ಬೀರುಗಳು ನೆನಪಾಗುತ್ತವೆ. ಒಡೆದರೆ ಲೆಕ್ಕ ಕೊಡಬೇಕೆಂಬ ಭಯದಿಂದ ಗಾಜಿನ ಸಲಕರಣೆಗಳಿಗೆ ಬೀಗ ಹಾಕಿರುತ್ತಾರೆ. ಅವು ಹೊಸದಾಗಿಯೇ ಹಳೆಯದಾಗುತ್ತವೆ. ತರಬೇತಿಯ ಗೊಂಬೆಗೂ ಆ ಗತಿ ಬರಬಾರದು.

ನಮ್ಮ ರಾಜ್ಯದ ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ಇದೇ ವಿಚಾರವನ್ನು ಬೇರೊಂದು ರೀತಿಯಲ್ಲಿ ಪರೀಕ್ಷಿಸಿದರು. 2012ರಿಂದ 2014ರವರೆಗೆ ಅಲ್ಲಿಯ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರಿಸಿಕೊಂಡು, ಅವುಗಳಲ್ಲಿ ಅರ್ಧದಷ್ಟಕ್ಕೆ, ಎಂದರೆ 54 ಕೇಂದ್ರಗಳಿಗೆ, ವಿಶೇಷ ತರಬೇತಿ ಹೊಂದಿದ ಶುಶ್ರೂಷಕಿಯರನ್ನು ಮಾರ್ಗದರ್ಶಕಿಯರನ್ನಾಗಿ ಕಳುಹಿಸಿದರು. ಕಲಿಯುವವರು ಊರು ಬಿಟ್ಟು ತರಬೇತಿಗೆ ಹೋಗುವ ಬದಲು ಕಲಿಸುವವರೇ ಕೆಲಸದ ಸ್ಥಳಕ್ಕೆ ಬಂದರು. ಮಾರ್ಗದರ್ಶಕಿಯು ಕೇಂದ್ರದ ಶುಶ್ರೂಷಕಿಯ ಮಗ್ಗುಲಲ್ಲಿ ನಿಂತು ಹೆರಿಗೆಯನ್ನು ನೋಡುವಳು, ಕೈ ತಪ್ಪಿದಲ್ಲಿ ತಿದ್ದುವಳು, ದಾಖಲೆಯ ಹಾಳೆಯನ್ನು ತುಂಬುವ ಬಗೆಯನ್ನು ತೋರಿಸುವಳು, ಬೇಕಾದ ಔಷಧ ತಟ್ಟೆಯಲ್ಲಿದೆಯೇ ಎಂದು ಜೊತೆಗೂಡಿ ಪರಿಶೀಲಿಸುವಳು. ಕೊನೆಯಲ್ಲಿ ಹೋಲಿಸಿದಾಗ ಮಾರ್ಗದರ್ಶನ ದೊರೆತ ಕೇಂದ್ರಗಳಲ್ಲಿ ಶುಶ್ರೂಷಕಿಯರ ತಿಳಿವಳಿಕೆಯೂ ತುರ್ತು ಸಂದರ್ಭಕ್ಕೆ ಬೇಕಾದ ಔಷಧ ಮತ್ತು ಸಲಕರಣೆಗಳ ಸಿದ್ಧತೆಯೂ ಉತ್ತಮವಾಗಿದ್ದವು.

ಇಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಆ ಮಾರ್ಗದರ್ಶಕಿಯು ತಪಾಸಣಾಧಿಕಾರಿಯಲ್ಲ. ತಪಾಸಣೆಗೆ ಅಧಿಕಾರಿಗಳು ಬರುವ ದಿನ ಶಾಲೆಯಲ್ಲಿ ಏನಾಗುತ್ತದೆಂಬುದನ್ನು ನೀವು ಬಲ್ಲಿರಿ. ಗೋಡೆಗೆ ಪಟಗಳು ಬರುತ್ತವೆ, ಹಿಂದಿನ ಸಾಲಿನವರು ಮೌನವಾಗುತ್ತಾರೆ, ತಿಳಿಯದ ಪಾಠವನ್ನು ಯಾರೂ ತಿಳಿಯದೆಂದು ಹೇಳುವುದಿಲ್ಲ. ಅಧಿಕಾರಿಗಳ ಮುಂದೆ ನಮ್ಮ ಕೊರತೆಯನ್ನು ಮುಚ್ಚಿಡುವುದೇ ಸಹಜ. ತನ್ನಂತೆಯೇ ರಾತ್ರಿಯ ಸರದಿಯಲ್ಲಿ ದುಡಿದು ಬಂದ ಹಿರಿಯ ಶುಶ್ರೂಷಕಿಯ ಮುಂದೆಯಾದರೆ, ತನಗೆ ಮಾಸ್ಕು ಹಿಡಿಯಲು ಬಾರದೆಂದು ಒಪ್ಪಿಕೊಳ್ಳುವುದು ಅಷ್ಟು ಕಷ್ಟವಲ್ಲ. ಒಪ್ಪಿಕೊಂಡಲ್ಲಿಂದಲೇ ಕಲಿಕೆ ಮೊದಲಾಗುತ್ತದೆ.

ಆತ್ಮವಿಶ್ವಾಸವನ್ನು ಕುರಿತು ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅನುಭವಿಯ ಆತ್ಮವಿಶ್ವಾಸ ಕೂಡ ಮೋಸಹೋಗುವುದುಂಟು. ಹೆರಿಗೆಯಾದ ಬಳಿಕ ತಾಯಿಗೆ 500 ಮಿಲಿಲೀಟರು ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅಪಾಯದ ಗಂಟೆ ಬಾರಿಸಿದಂತೆ. ಬಹುಕಾಲದಿಂದ ವೈದ್ಯರೂ ದಾದಿಯರೂ ಅದನ್ನು ಕಣ್ಣಂದಾಜಿನಿಂದಲೇ ಅಳೆಯುತ್ತಿದ್ದರು. ಬೆಳಗಾವಿಯಲ್ಲಿ ಇದಕ್ಕಾಗಿ ಪ್ಲಾಸ್ಟಿಕ್ಕಿನ ಒಂದು ಹಾಳೆಯನ್ನು ಬಳಸಿ ನೋಡಿದರು. ಅದರ ತುದಿಯಲ್ಲಿ ಆಲಿಕೆಯಂತಹ ಚೀಲವಿದ್ದು, ಅದರ ಮೇಲೆ ಅಳತೆಯ ಗೆರೆಗಳಿದ್ದವು. ಈ ಅಳತೆಯೊಡನೆ ಹೋಲಿಸಿದಾಗ ಕಣ್ಣಂದಾಜು ಶೇಕಡ 33ರಷ್ಟು ಕಡಿಮೆಯಾಗಿತ್ತೆಂಬುದು 2006ರಲ್ಲಿ ಪ್ರಕಟವಾಯಿತು. ಮೂರು ಲೋಟ ರಕ್ತ ಹೋಗಿದ್ದರೆ ಎರಡು ಲೋಟವೆಂದು ಕಣ್ಣು ಹೇಳುತ್ತಿತ್ತು! ಅದೇ ವರ್ಷ ಬೆಳಗಾವಿಯ ಇನ್ನೊಂದು ಅಧ್ಯಯನವೂ ಹೊರಬಂದಿತು. ಹಳ್ಳಿಗಳ ಸಹಾಯಕ ಶುಶ್ರೂಷಕಿಯರು 1,620 ತಾಯಂದಿರ ಹೆರಿಗೆಗಳಲ್ಲಿ ಕೆಲವರಿಗೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನೂ ಉಳಿದವರಿಗೆ ಔಷಧವಿಲ್ಲದ ಮಾತ್ರೆಯನ್ನೂ ಕೊಟ್ಟರು. ಅತಿರಕ್ತಸ್ರಾವವು ಔಷಧವಿಲ್ಲದವರಲ್ಲಿ ಶೇಕಡ 12 ಇದ್ದರೆ ಔಷಧ ಪಡೆದವರಲ್ಲಿ 6.4 ಇತ್ತು. ಮಹಾಪಂಡಿತರಲ್ಲ, ಹಳ್ಳಿಯ ಶುಶ್ರೂಷಕಿಯರೇ ಈ ಕೆಲಸವನ್ನು ಸಮರ್ಥವಾಗಿ ಮಾಡಿದರೆಂಬುದು ಅದರ ಇನ್ನೊಂದು ಪಾಠ.

ಗೆರೆಯುಳ್ಳ ಇಂತಹ ಹಾಳೆಯನ್ನು ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಪರೀಕ್ಷಿಸಿದರು. ಗೆರೆ ಮುಟ್ಟಿದ ಕೂಡಲೇ ಯಾರನ್ನೂ ಕೇಳದೆ, ಕಾಯದೆ, ಎಲ್ಲ ಚಿಕಿತ್ಸೆಗಳನ್ನು ಒಟ್ಟಿಗೆ ಆರಂಭಿಸುವುದನ್ನು ಶುಶ್ರೂಷಕಿಯರಿಗೆ ಕಲಿಸಿದರು. 2023ರಲ್ಲಿ ಬಂದ ಫಲಿತಾಂಶದಂತೆ, ಹಳೆಯ ಕ್ರಮದಲ್ಲಿ ಅತಿರಕ್ತಸ್ರಾವದ ನೂರು ಪ್ರಸಂಗಗಳಲ್ಲಿ 51 ಮಾತ್ರ ಗೊತ್ತಾಗುತ್ತಿದ್ದವು; ಹೊಸ ಕ್ರಮದಲ್ಲಿ 93 ಗೊತ್ತಾದವು. ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇಕಡ 60ರಷ್ಟು ಕಡಿಮೆಯಾದವು. ಆ ಗೆರೆಯು ರಕ್ತವನ್ನು ಅಳೆಯುವುದಲ್ಲದೆ ಮತ್ತೊಂದು ಉಪಕಾರವನ್ನೂ ಮಾಡಿತು. ಕಿರಿಯ ಶುಶ್ರೂಷಕಿಯೊಬ್ಬಳು ಹಿರಿಯ ವೈದ್ಯರನ್ನು ನಿದ್ರೆಯಿಂದ ಎಬ್ಬಿಸಲು ಹಿಂಜರಿಯುತ್ತಾಳೆ. ತನ್ನ ಅನುಮಾನ ತಪ್ಪಾಗಿದ್ದರೆ ಬೈಗುಳ ತಿನ್ನಬೇಕಾದೀತೆಂಬ ಅಳುಕು ಅವಳಿಗಿರುತ್ತದೆ. ‘ಬಹಳ ರಕ್ತ ಹೋಗುತ್ತಿರುವಂತಿದೆ’ ಎಂಬ ಮಾತಿಗಿಂತ ‘ರಕ್ತ 500ರ ಗೆರೆ ದಾಟಿದೆ’ ಎಂಬ ಮಾತು ಅವಳ ಬಾಯಲ್ಲಿ ಗಟ್ಟಿಯಾಗಿ ಬರುತ್ತದೆ. ಸಹಾಯವನ್ನು ಹೊತ್ತಿಗೆ ಸರಿಯಾಗಿ, ಸ್ಪಷ್ಟವಾಗಿ ಕೇಳುವುದೂ ಅಭ್ಯಾಸದಿಂದ ಬರತಕ್ಕ ಕೌಶಲವೇ. ಆದುದರಿಂದಲೇ ಒಳ್ಳೆಯ ತರಬೇತಿಗಳಲ್ಲಿ ಬಾಯಿ ಬಿಟ್ಟು ಜೋರಾಗಿ ಹೇಳುವುದನ್ನೂ, ಕೇಳಿಸಿಕೊಂಡವರು ಮರುನುಡಿಯುವುದನ್ನೂ, ಮುಗಿದ ಮೇಲೆ ಎಲ್ಲರೂ ಕುಳಿತು ಎಲ್ಲಿ ತಡವಾಯಿತೆಂದು ಮಾತನಾಡಿಕೊಳ್ಳುವುದನ್ನೂ ಮಾಡಿಸುತ್ತಾರೆ.

ಇದೆಲ್ಲ ವೈದ್ಯರ ಮತ್ತು ದಾದಿಯರ ವಿಷಯ, ನಮಗೇನೆಂದು ನೀವು ಕೇಳಬಹುದು. ನಿಮ್ಮಲ್ಲಿ ಕೆಲವರು ಮುಂದೆ ಶುಶ್ರೂಷಕರೋ ವೈದ್ಯರೋ ಆಗುವಿರಿ. ಅದು ಒಂದು ಮಾತು. ಆದರೆ ಒಂಬತ್ತನೆಯ ತರಗತಿಯಲ್ಲಿರುವಾಗಲೇ ಕಲಿಯಬಹುದಾದ ಕೆಲಸವೂ ಇದೆ. ಹೃದಯ ಥಟ್ಟನೆ ನಿಂತವನ ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರು ಆಳಕ್ಕೆ ಒತ್ತುವುದು ಆ ಕೆಲಸ. ಹನ್ನೆರಡು ವರ್ಷದ ಪ್ರಾಯದಿಂದ ವರ್ಷಕ್ಕೆ ಎರಡು ಗಂಟೆ ಇದನ್ನು ಶಾಲೆಗಳಲ್ಲಿ ಕಲಿಸಬೇಕೆಂಬ ಸಲಹೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಅನುಮೋದಿಸಿತು. ಐದು ಸೆಂಟಿಮೀಟರೆಂದರೆ ಎಷ್ಟೆಂದು ಅಳತೆಪಟ್ಟಿಯಲ್ಲಿ ನೋಡಿ ತಿಳಿಯಬಹುದು. ಅಷ್ಟು ಒತ್ತಲು ಎಷ್ಟು ಬಲ ಬೇಕೆಂಬುದು ಒತ್ತಿದವನಿಗೇ ಗೊತ್ತು. ಎರಡು ನಿಮಿಷದೊಳಗೆ ತೋಳು ಸೋಲುತ್ತದೆ. ಆಗ ಇನ್ನೊಬ್ಬರು ಮುಂದುವರಿಸಬೇಕು; ಮತ್ತೊಬ್ಬರು ಮೊದಲೇ 108ಕ್ಕೆ ಕರೆಮಾಡಿರಬೇಕು. ಹತ್ತಿರದ ಆರೋಗ್ಯ ಕೇಂದ್ರದವರನ್ನು ಶಾಲೆಗೆ ಬರಮಾಡಿಕೊಂಡರೆ ಅವರು ಗೊಂಬೆಯ ಮೇಲೆ ಇದನ್ನು ಮಾಡಿ ತೋರಿಸಬಲ್ಲರು. ಮಾಡಿ ತೋರಿಸಿದ ಮೇಲೆ ನೀವೂ ಒಬ್ಬೊಬ್ಬರಾಗಿ ಮಾಡಬೇಕು, ಹಿಂದಿನ ಸಾಲಿನವರೂ ಸಹ. ಮುಂದಿನ ತಿಂಗಳು ಅದೇ ಗೊಂಬೆಯನ್ನು ಮತ್ತೊಮ್ಮೆ ತರಿಸಬೇಕು.